ಬ್ರೇಕಿಗೆ ಕೆಲಸವಿಲ್ಲದ ಊರಲ್ಲಿ ಹೈಬ್ರಿಡ್

2022ರಲ್ಲಿ ಮಾರುಕಟ್ಟೆಗೆ ಬಂದ ಹೋಂಡಾ ಸಿಟಿ ಹೈಬ್ರಿಡ್, ಅದೇ ವರ್ಷ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಹೊರಬಂದ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಈಗ ಸೆಕೆಂಡ್ ಹ್ಯಾಂಡ್ ಸಂತೆಗೆ ಇಳಿದಿವೆ. ಬೆಂಗಳೂರಿನ ನಂಬರ್ ಪ್ಲೇಟ್ ಹೊತ್ತ ಇಂಥ ಗಾಡಿಗಳು ನಮ್ಮ ಕೊಪ್ಪಳ ಸೀಮೆಯ ಯಲಬುರ್ಗಾ, ಕುಷ್ಟಗಿ ಕಡೆಗೂ ಬರುತ್ತಿವೆ. ಬೆನ್ನಿಗೇ ದೂರುಗಳೂ ಬರುತ್ತಿವೆ. ಬೇವೂರಿನ ಪರಿಚಯದವರೊಬ್ಬರು ಮೊನ್ನೆ ಫೋನಿನಲ್ಲಿ ಹೇಳಿದ್ದು ಇಷ್ಟು: “ಇಪ್ಪತ್ತೇಳು ಎವರೇಜ್ ಐತಿ ಅಂತ ಹೇಳಿ ಕೊಟ್ರರೀ. ಹದಿನೆಂಟು ದಾಟವಲ್ದು. ಬ್ಯಾಟರಿ ಹೋಗೇತೇನ್ರಿ?”

ಬ್ಯಾಟರಿಯ ಮೇಲೆ ಅನುಮಾನ ಪಡುವ ಮೊದಲು ಆ ಇಪ್ಪತ್ತೇಳು ಎಲ್ಲಿಂದ ಬಂತೆಂದು ನೋಡಬೇಕು. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್‌ಗೆ (ಮೋಟಾರ್ ಒಂಟಿಯಾಗಿಯೂ ಗಾಡಿ ಎಳೆಯಬಲ್ಲ ಬಗೆಗೆ) ಕಂಪನಿ ಘೋಷಿಸಿದ್ದು ಲೀಟರಿಗೆ 27.97 ಕಿ.ಮೀ., ಸಿಟಿ ಹೈಬ್ರಿಡ್‌ಗೆ 26.5. ಇವು ಪ್ರಯೋಗಾಲಯದಲ್ಲಿ, ರೋಲರ್ ಮೇಲೆ ಗಾಡಿ ನಿಲ್ಲಿಸಿ ತೆಗೆದ ಲೆಕ್ಕ. ಆ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ ಸುಮಾರು 32 ಕಿ.ಮೀ., ಗರಿಷ್ಠ 90. ಎ.ಸಿ. ಬಂದ್. ಅಂದರೆ ಮಲ್ಲೇಶ್ವರದಿಂದ ಜಯನಗರಕ್ಕೆ ಹೋಗುವವನ ಓಡಾಟಕ್ಕೆ ಅದು ಹತ್ತಿರ, ಬೇವೂರಿನವರ ಓಡಾಟಕ್ಕಲ್ಲ.

ಎಲ್ಲಿ ಓಡಿಸುತ್ತೀರಿ ಎಂದು ಕೇಳಿದೆ. ವಾರದಲ್ಲಿ ಹೆಚ್ಚು ಸಲ ಕುಷ್ಟಗಿಗೆ ಹೋಗಿ 50ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹೊಸಪೇಟೆಗೆ. “ನೂರಾ ಹತ್ತಕ್ಕ ಕಡಿಮಿ ಇಲ್ರಿ, ರೋಡ್ ಹಂಗೈತಿ.” ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಹೈಬ್ರಿಡ್ ಗಾಡಿಯ ಉಳಿತಾಯದ ದೊಡ್ಡ ಪಾಲು ಬ್ರೇಕಿನಲ್ಲಿದೆ. ಮಾಮೂಲಿ ಕಾರಿನಲ್ಲಿ ಬ್ರೇಕ್ ಒತ್ತಿದರೆ ಓಟದ ಶಕ್ತಿ ಡಿಸ್ಕಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರೇ ಡೈನಮೋ ಆಗಿ ತಿರುಗಿ, ಅದರಲ್ಲೊಂದು ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಮುಂದಿನ ಸಿಗ್ನಲ್‌ನಿಂದ ಗಾಡಿ ಎಂಜಿನ್ ಇಲ್ಲದೆ ಹೊರಡುವುದು ಆ ಕರೆಂಟಿನಲ್ಲೇ. ನಾಲ್ಕು ಪಥದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವನು ಬ್ರೇಕ್ ಒತ್ತುವುದೇ ಇಲ್ಲ, ಬ್ಯಾಟರಿಗೆ ಬರುವುದೂ ಏನಿಲ್ಲ. ಆಗ ಉಳಿಯುವುದು 1.5 ಲೀಟರಿನ ಪೆಟ್ರೋಲ್ ಎಂಜಿನ್ ಮತ್ತು ಗಾಳಿಯ ಎದುರು ಹೋರಾಟ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ರಲ್ಲಿ ಇದ್ದುದು 110ರಲ್ಲಿ ಸುಮಾರು 1.9 ಪಟ್ಟಾಗುತ್ತದೆ. ಎಸ್‌ಯುವಿಯ ಎತ್ತರದ ಮುಖಕ್ಕೆ ಈ ಏಟು ಇನ್ನೂ ಜೋರು. 85ಕ್ಕೆ ಇಳಿಸಿ ಒಂದು ಟ್ಯಾಂಕ್ ಓಡಿಸಿ ನೋಡಿ ಎಂದೆ. ಅವರಿಗೆ ರುಚಿಸಲಿಲ್ಲ, ನನಗೂ ಅವರ ಬೇಸರ ಅರ್ಥವಾಗುತ್ತದೆ: ಲಕ್ಷಗಟ್ಟಲೆ ಕೊಟ್ಟು ತಂದ ಗಾಡಿಯನ್ನು ಲಾರಿ ಹಿಂದೆ ಓಡಿಸು ಎಂದರೆ ಯಾರಿಗೆ ಇಷ್ಟ?

ನಮ್ಮ ಕಡೆಯ ಹಳೆಯ ಕೈಗಳದ್ದು ಇನ್ನೊಂದು ಚಾಳಿ. ಇಳಿಜಾರು ಬಂತೆಂದರೆ ಗಾಡಿಯನ್ನು ನ್ಯೂಟ್ರಲ್‌ಗೆ ಬಿಡುವುದು. ಅಂಬಾಸಿಡರ್ ಕಾಲದಿಂದ ಬಂದ ಈ ಜಾಣತನ ಹೈಬ್ರಿಡ್‌ನಲ್ಲಿ ತಿರುಗುಬಾಣ. ನ್ಯೂಟ್ರಲ್‌ನಲ್ಲಿ ಬ್ಯಾಟರಿ ತುಂಬುವುದಿಲ್ಲ, ಪುಕ್ಕಟೆ ಸಿಗುವ ಇಳಿಜಾರು ವ್ಯರ್ಥವಾಗುತ್ತದೆ. ‘ಡಿ’ಯಲ್ಲೇ ಇರಲಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು. ಊರೊಳಗಿನ ಹಂಪ್‌ಗೆ ದೂರದಿಂದಲೇ ಮೆಲ್ಲಗೆ ಬ್ರೇಕ್ ಒತ್ತುತ್ತ ಬಂದರೆ ಮೋಟಾರ್ ಹೆಚ್ಚು ಶಕ್ತಿ ಹಿಡಿಯುತ್ತದೆ. ಹತ್ತಿರ ಬಂದು ಗಕ್ಕನೆ ಒತ್ತಿದರೆ ಪ್ಯಾಡಿಗೆ ಹೋಗುತ್ತದೆ.

ಇಷ್ಟಾದ ಮೇಲೂ ಎವರೇಜ್ ಏಳದಿದ್ದರೆ ಗಾಡಿಯ ಕಡೆ ತಿರುಗಬೇಕು. ನಾನು ಮೊದಲು ನೋಡುವುದು ಬಾನೆಟ್ಟಿನ ಒಳಗಲ್ಲ, ಹಿಂದಿನ ಸೀಟಿನ ಬಳಿ. ಹಲವು ಹೈಬ್ರಿಡ್‌ಗಳಲ್ಲಿ ಬ್ಯಾಟರಿ ತಂಪಾಗಲು ಕಾರಿನೊಳಗಿನ ಗಾಳಿಯನ್ನೇ ಎಳೆದುಕೊಳ್ಳುವ ಒಂದು ಜಾಲರಿ ಅಲ್ಲಿರುತ್ತದೆ. ಜಾಗ ಮಾದರಿಗೊಂದು ಥರ, ಮ್ಯಾನುಯಲ್‌ನಲ್ಲಿ ಚಿತ್ರವಿದೆ. ಹೋಗಿ ನೋಡಿದಾಗ ಬೇವೂರಿನ ಆ ಗಾಡಿಯ ಜಾಲರಿಯ ಮೇಲೆ ಕಡಲೆ ಚೀಲವೊಂದು ಆರಾಮಾಗಿ ಒರಗಿತ್ತು. ಚೀಲ ಸರಿಸಿ ಜಾಲರಿ ಬಿಚ್ಚಿದರೆ, ಒಳಗಿನ ಫಿಲ್ಟರ್ ಮೇಲೆ ಕೆಂಪು ಧೂಳು, ಹೊಟ್ಟು, ಸೀಟ್ ಕವರಿನ ನೂಲು, ಕೂದಲು ಎಲ್ಲ ಸೇರಿ ಹಳೇ ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕೂತಿತ್ತು. ಬೆರಳಲ್ಲಿ ಎತ್ತಿದರೆ ಒಂದೇ ಪದರವಾಗಿ ಎದ್ದು ಬಂತು.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬ್ಯಾಟರಿಗೆ ತಂಪು ಗಾಳಿ ಸಿಗದಿದ್ದರೆ ಕಂಪ್ಯೂಟರ್ ಅದನ್ನು ಕಾಪಾಡಲು ತುಂಬುವುದನ್ನೂ ತೆಗೆಯುವುದನ್ನೂ ಕಡಿಮೆ ಮಾಡುತ್ತದೆ, ಎಂಜಿನ್ ಪದೇಪದೇ ಏಳುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುವಷ್ಟರಲ್ಲಿ ಬ್ಯಾಟರಿಯ ಆಯುಷ್ಯವೂ ಒಂದಿಷ್ಟು ಸವೆದಿರುತ್ತದೆ. ಬಿಸಿಲಲ್ಲಿ ಗಾಡಿ ನಿಲ್ಲಿಸಿ, ಎ.ಸಿ. ಹಾಕಿಕೊಂಡು ಒಳಗೇ ಕೂರುವವರಿಗೂ ಇದೇ ಕಥೆ: ಕಂಪ್ರೆಸರ್ ಓಡುವುದು ಅದೇ ಬ್ಯಾಟರಿಯಿಂದ, ಅದು ಇಳಿದಾಗಲೆಲ್ಲ ಎಂಜಿನ್ ಚಾಲೂ ಆಗಿ ತುಂಬಿಸಬೇಕು. ನಿಂತಲ್ಲೇ ಪೆಟ್ರೋಲ್ ಉರಿಯುತ್ತದೆ, ಕಿಲೋಮೀಟರ್ ಮಾತ್ರ ಸೊನ್ನೆ.

ಟೈರ್ ನೋಡಿ. ಮೊದಲ ಮಾಲೀಕ ಚೆಂದಕ್ಕೆಂದು ಅಗಲದ ಅಲಾಯ್ ಹಾಕಿಸಿದ್ದರೆ ಅಲ್ಲೇ ಎವರೇಜ್ ಸೋರುತ್ತಿರುತ್ತದೆ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿರುವ ಅಳತೆಗೂ ಗಾಲಿಯ ಮೇಲಿನ ಅಳತೆಗೂ ತಾಳೆ ಮಾಡಿ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಗಾಳಿ ಹೊಡೆಸಿ. ಎಣ್ಣೆಯದೂ ವಿಚಾರಿಸಿ. ಈ ಎಂಜಿನ್‌ಗಳಿಗೆ ಬೇಕಾದುದು ನೀರಿನಂಥ ತೆಳು ಆಯಿಲ್. ಊರ ಗ್ಯಾರೇಜಿನಲ್ಲಿ “ಗಟ್ಟಿ ಇದ್ರ ಚಲೋರಿ” ಎಂದು 20ಡಬ್ಲ್ಯೂ-40 ಸುರಿದುಬಿಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ, ಪಾಪ. ಬ್ರೇಕ್ ಕಚ್ಚಿಕೊಂಡಿದೆಯೇ ಎಂದು ನೋಡಲು ಹೆಚ್ಚು ಬ್ರೇಕ್ ಒತ್ತದೆ ಹತ್ತು ಕಿಲೋಮೀಟರ್ ಹೋಗಿ ಇಳಿದು ನಾಲ್ಕೂ ಗಾಲಿಯ ಹತ್ತಿರ ಕೈ ಹಿಡಿಯಿರಿ. ಒಂದೇ ಗಾಲಿ ಬಿಸಿಯಿದ್ದರೆ ಉತ್ತರ ಸಿಕ್ಕಂತೆ.

ಇ20 ಪೆಟ್ರೋಲಿನದೂ ಒಂದು ಪಾಲಿದೆ. ಎಥನಾಲ್‌ನಲ್ಲಿ ಅಷ್ಟೇ ಲೀಟರ್ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ ಶಕ್ತಿ. ನೂರಕ್ಕೆ ಇಪ್ಪತ್ತು ಬೆರೆಸಿದಾಗ ಲೆಕ್ಕದ ಪ್ರಕಾರ ಆರೇಳು ಶೇಕಡಾ ಹೋಗುತ್ತದೆ. 27 ಹದಿನೆಂಟಾಗಿದ್ದಕ್ಕೆ ಎಲ್ಲವನ್ನೂ ಇದರ ತಲೆಗೆ ಕಟ್ಟಬೇಡಿ.

ಅಳೆಯುವುದೂ ಸರಿಯಾಗಿರಲಿ. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯನ್ನು ನಾನು ನಂಬುವುದಿಲ್ಲ, ಅದು ಸಾಮಾನ್ಯವಾಗಿ ಮಾಲೀಕನನ್ನು ಖುಷಿಪಡಿಸುವ ಕಡೆಗೇ ವಾಲಿರುತ್ತದೆ. ಒಂದೇ ಬಂಕ್, ಒಂದೇ ಪಂಪ್, ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ಫುಲ್. ಮೂರು ನಾಲ್ಕು ಟ್ಯಾಂಕಿನ ಕಿಲೋಮೀಟರ್ ಸೇರಿಸಿ, ತುಂಬಿಸಿದ ಒಟ್ಟು ಲೀಟರಿನಿಂದ ಭಾಗಿಸಿ.

ಇನ್ನು, ಕೊಳ್ಳುವ ಮುಂಚೆಯೇ ಮೋಸ ಹೋಗುವವರ ಬಗ್ಗೆ. ಒಂದೇ ಹೆಸರಿನ ಗ್ರ್ಯಾಂಡ್ ವಿಟಾರಾದಲ್ಲಿ ಎರಡು ಜಾತಿಯಿದೆ. ‘ಸ್ಮಾರ್ಟ್ ಹೈಬ್ರಿಡ್’ ಎಂಬುದರಲ್ಲಿ ಮೋಟಾರ್ ಎಂಜಿನ್ನಿಗೆ ಕೈ ಆಸರೆ ಕೊಡುತ್ತದೆಯೇ ಹೊರತು ಒಂಟಿಯಾಗಿ ಗಾಡಿ ಎಳೆಯುವುದಿಲ್ಲ. ಮ್ಯಾನುಯಲ್ ಗೇರಿನ ಆ ಗಾಡಿಗೆ ಘೋಷಿಸಿದ್ದೇ 21.11. ದಲ್ಲಾಳಿಗಳು ಎರಡನ್ನೂ ‘ಹೈಬ್ರಿಡ್’ ಎಂದು ಒಂದೇ ಉಸಿರಿನಲ್ಲಿ ಮಾರುತ್ತಾರೆ. ಬಾನೆಟ್ ಎತ್ತಿ ನೋಡಿ: ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಅದು ಸ್ಟ್ರಾಂಗ್ ಹೈಬ್ರಿಡ್. ಮುಟ್ಟಬೇಡಿ, ಅದರಲ್ಲಿ ಹರಿಯುವುದು ಹೈ ವೋಲ್ಟೇಜ್.

ನಿಮ್ಮ ಓಡಾಟವೆಲ್ಲ ಹೆದ್ದಾರಿಯದ್ದೇ ಆಗಿದ್ದರೆ ಹಳೆಯ ಹೈಬ್ರಿಡ್‌ಗೆ ಹೆಚ್ಚುವರಿ ದುಡ್ಡು ಸುರಿಯಬೇಡಿ, ಸುಸ್ಥಿತಿಯ ಡೀಸೆಲ್ ಇದಕ್ಕಿಂತ ಮೇಲು. ಗಂಗಾವತಿ, ಕೊಪ್ಪಳದ ಪೇಟೆಯೊಳಗೇ ದಿನವಿಡೀ ತಿರುಗುವವರಿಗೆ ಮಾತ್ರ ನಾನು ಶಿಫಾರಸು ಮಾಡುವುದು. ಕೊಳ್ಳುವುದೇ ಆದರೆ ಮುಂಗಡ ಕೊಡುವ ಮೊದಲು ಶೋರೂಮಿನಲ್ಲಿ ಹೈಬ್ರಿಡ್ ಬ್ಯಾಟರಿಯ ತಪಾಸಣೆ ಮಾಡಿಸಿ ವರದಿ ಕೈಗೆ ತೆಗೆದುಕೊಳ್ಳಿ. ಟೊಯೋಟಾ, ಮಾರುತಿ ಸ್ಟ್ರಾಂಗ್ ಹೈಬ್ರಿಡ್‌ಗಳ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ. ನಿಮ್ಮ ಗಾಡಿಗೆ ಅದರಲ್ಲಿ ಎಷ್ಟು ಉಳಿದಿದೆ, ನಿಮ್ಮ ಹೆಸರಿಗೆ ಬರುತ್ತದೆಯೇ ಎಂಬುದನ್ನು ಬಾಯಿಮಾತಲ್ಲಿ ಬೇಡ, ಬರಹದಲ್ಲಿ ಪಡೆಯಿರಿ.