ಟೆಂಟಿನ ಕೊರಳು

ತುಮಕೂರಿನ ಕಲಾಕ್ಷೇತ್ರಕ್ಕೆ ಗುಬ್ಬಿ ವೀರಣ್ಣನವರ ಹೆಸರಿದೆ. ಇರಬೇಕಾದ್ದೇ. ನನ್ನ ತಕರಾರು ಬೇರೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿ ಅಂದ ಕೂಡ್ಲೇ ‘ಸದಾರಮೆ’ಯ ಕಳ್ಳ ನೆನಪಾಗ್ತಾನೆ, ಹಾಡಿ ನಾಟಕ ಹೊತ್ತ ಬಿ. ಜಯಮ್ಮ ‘ವೀರಣ್ಣನವರ ಹೆಂಡ್ತಿ’ ಆಗಿಬಿಡ್ತಾರೆ.

‘ಹೇಮರೆಡ್ಡಿ ಮಲ್ಲಮ್ಮ’ದಲ್ಲಿ ಅವರನ್ನು ಕೇಳಿ. ಅದು ಮೈಕಿಗೆ ಪಳಗಿದ ದನಿ ಅಲ್ಲ, ಕೊನೇ ಚಾಪೆಯವನಿಗೂ ಮಾತು ಮುಟ್ಟಬೇಕೆಂದು ಎದೆಯಿಂದ ಎಳೆದ ದನಿ. ಲತಾಗೆ ಒಗ್ಗಿದ ನಮ್ಮ ಕಿವಿಗೆ ಒರಟು ಅನ್ನಿಸುತ್ತೆ. ನನಗೆ ಆ ಒರಟೇ ಇಷ್ಟ. ಅಮೆರಿಕದ ಕಪ್ಪು ಗಾಯಕಿ ಮಾ ರೇನಿಯೂ ಹೀಗೇ: ಮೊದಲು ವರ್ಷಗಟ್ಟಲೆ ಟೆಂಟು, ರೆಕಾರ್ಡು ಬಂದದ್ದು 1923ರಲ್ಲಿ. ಅಲ್ಲಿ ಅವಳನ್ನು ಬ್ಲೂಸ್‌ನ ತಾಯಿ ಅಂತಾರೆ. ನಮ್ಮಲ್ಲಿ ಜಯಮ್ಮನಿಗೆ ತಾಯಿ ಪಾತ್ರ ಕೊಟ್ಟರು!

ಮೂರು ನಿಮಿಷದ ತಟ್ಟೆಯಲ್ಲಿ ರಂಗಗೀತೆಯ ಅರ್ಧ ಜೀವ ಹೋಗುತ್ತೆ ಅನ್ನೋದೂ ನಿಜ. ‘ಒನ್ಸ್ ಮೋರ್’ ಕೂಗಿಗೆ ಅದೇ ಸಾಲನ್ನು ಬೇರೆ ಸಂಗತಿ ಹಾಕಿ ಹಾಡೋ ಸುಖ ಅಲ್ಲೆಲ್ಲಿ? ಆದರೂ ಉಳಿದಿರೋದು ಅದೇ. ಕಲಾಕ್ಷೇತ್ರದಲ್ಲಿ ನಾಟಕ ಶುರುವಾಗೋ ಮುಂಚೆ ಯಾವುದೋ ಸಿನಿಮಾ ಟ್ಯೂನ್ ಹಾಕ್ತಾರಲ್ಲ, ಅದರ ಬದಲು ಜಯಮ್ಮನ ಒಂದು ಹಾಡು ಹಾಕಿ ನೋಡಿ.