ಹಳೆಯ ಅಚ್ಚು, ಹೊಸ ದ್ರವ್ಯ: ಲೆಗೊ ಇಟ್ಟಿಗೆಯ ವಿಚಾರವಾಗಿ ಒಂದು ವಿಮರ್ಶೆ

ಡೆನ್ಮಾರ್ಕಿನ ಲೆಗೊ ಸಂಸ್ಥೆಯು ಬಳಸಿದ ಬಾಟಲಿಗಳ ಪಿ.ಇ.ಟಿ. ಪ್ಲಾಸ್ಟಿಕ್ಕಿನಿಂದ ಆಟದ ಇಟ್ಟಿಗೆಗಳನ್ನು ತಯಾರಿಸುವ ಯತ್ನವನ್ನು 2023ರಲ್ಲಿ ಕೈಬಿಟ್ಟಿತು. ಹೊಸ ಉಪಕರಣಗಳನ್ನು ಹೂಡಬೇಕಾಗುವುದೆಂದೂ ಅದರಿಂದ ಇಂಗಾಲದ ಹೊರೆ ಇಳಿಯುವ ಬದಲು ಏರುವುದೆಂದೂ ಅದು ಕಾರಣ ಹೇಳಿತು. ಇದನ್ನು ಬರಿಯ ನೆಪವೆಂದು ಬಗೆಯುವುದು ಸುಲಭ. ಆ ತೀರ್ಪು ಅವಸರದ್ದೆಂದು ನಮಗೆ ತೋರುತ್ತದೆ. ದ್ರವ್ಯವನ್ನು ಬದಲಿಸಬೇಕೆನ್ನುವವರು ಅಚ್ಚನ್ನು ಮರೆಯುತ್ತಾರೆ. ಅಚ್ಚೆಂಬುದು ಏನನ್ನು ಹೊಯ್ದರೂ ಒಂದೇ ಆಕಾರ ಕೊಡುವ ಪಾತ್ರೆಯಲ್ಲ. ಒಂದು ನಿರ್ದಿಷ್ಟ ಪ್ಲಾಸ್ಟಿಕ್ಕಿನ ಸ್ವಭಾವವನ್ನು ಮೊದಲೇ ಎಣಿಸಿ ಉಕ್ಕಿನಲ್ಲಿ ಕೊರೆದಿಟ್ಟ ಲೆಕ್ಕ ಅದು.

ಈ ಲೆಕ್ಕದಲ್ಲಿ ಮುಖ್ಯವಾದುದು ಸಂಕೋಚನ. 1963ರಲ್ಲಿ, ಬಾಗುತ್ತಿದ್ದ ಸೆಲ್ಯುಲೋಸ್ ಅಸಿಟೇಟಿನ ಸ್ಥಾನಕ್ಕೆ ಬಂದ ಎ.ಬಿ.ಎಸ್. ತಣಿಯುವಾಗ ಸುಮಾರು ಶೇಕಡ 0.5ರಷ್ಟು ಕುಗ್ಗುತ್ತದೆ. ಅರೆಸ್ಫಟಿಕೀಯವಾದ ಪಾಲಿಪ್ರೊಪಿಲೀನ್ ಶೇಕಡ 1.5ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಎಂಟು ಗುಬಟುಗಳ ಇಟ್ಟಿಗೆಯ ಉದ್ದ 31.8 ಮಿಲಿಮೀಟರು, ಅದಕ್ಕಾಗಿ ಎ.ಬಿ.ಎಸ್.ನ ಅಚ್ಚಿನ ಕುಹರ ಸುಮಾರು 31.96 ಮಿ.ಮೀ. ಇರಬೇಕು. ಅದೇ ಕುಹರಕ್ಕೆ ಪಾಲಿಪ್ರೊಪಿಲೀನನ್ನು ತುಂಬಿದರೆ ಹೊರಬರುವುದು 31.48 ಮಿ.ಮೀ.ನ ಇಟ್ಟಿಗೆ. ಸಾಬೂನಿನ ಪೆಟ್ಟಿಗೆಗೆ ಈ ಕೊರತೆ ಲೆಕ್ಕಕ್ಕಿಲ್ಲ. ಆದರೆ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಿರಿದಾದ ಅಂತರದ ಮೇಲೆ ಹಿಡಿತ ನಿಂತಿರುವ ಇಟ್ಟಿಗೆ ಈ ಕೊರತೆಯಿಂದ ಇಟ್ಟಿಗೆಯಾಗಿಯೇ ಉಳಿಯುವುದಿಲ್ಲ. ಒತ್ತಡವನ್ನು ಹೆಚ್ಚಿಸಿ ಇದನ್ನು ಸರಿಪಡಿಸಬಹುದೆಂದು ಕಾರ್ಖಾನೆಯ ಅನುಭವಿಗಳು ಆಕ್ಷೇಪಿಸಬಹುದು. ಅಲ್ಪಾಂಶದಲ್ಲಿ ಅದು ನಿಜವೇ. ಆದರೆ ದಪ್ಪ ಭಾಗ ಕುಗ್ಗಿದಂತೆ ತೆಳು ಭಾಗ ಕುಗ್ಗುವುದಿಲ್ಲ, ಹರಿದ ದಿಕ್ಕಿನಲ್ಲಿ ಕುಗ್ಗಿದಂತೆ ಅಡ್ಡಲಾಗಿ ಕುಗ್ಗುವುದಿಲ್ಲ. ಈ ವೈಷಮ್ಯವನ್ನು ಒತ್ತಡವೊಂದರಿಂದಲೇ ಅಳಿಸಲಾಗದು.

ಪಿ.ಇ.ಟಿ.ಯ ತೊಡಕು ಬೇರೆ ಬಗೆಯದು. ತೇವವಿರುವಾಗ ಕರಗಿಸಿದರೆ ಅದರ ಅಣುಸರಪಳಿಗಳು ತುಂಡಾಗುತ್ತವೆ. ಆದಕಾರಣ ಅದನ್ನು ಎ.ಬಿ.ಎಸ್.ಗಿಂತ ಬಹಳ ಹೆಚ್ಚಿನ ಉಷ್ಣತೆಯಲ್ಲಿ, ಕಟ್ಟುನಿಟ್ಟಾಗಿ ಒಣಗಿಸಬೇಕು. ಬಾಟಲಿಯನ್ನು ಉಳಿಸಿದ ಪುಣ್ಯದ ಒಂದು ಪಾಲು ಒಣಗಿಸುವ ಒಲೆಗೇ ಸಂದಾಯವಾಗುತ್ತದೆ.

ಇದೇ ಸಂಸ್ಥೆಯು 2018ರಲ್ಲಿ ಆಟಿಕೆಯ ಗಿಡ ಮತ್ತು ಎಲೆಗಳಿಗೆ ಕಬ್ಬಿನಿಂದ ಪಡೆದ ಪಾಲಿಎಥಿಲೀನನ್ನು ಬಳಸಿ ಸಫಲವಾಯಿತು. ಅಲ್ಲಿ ಬದಲಾದುದು ದ್ರವ್ಯವಲ್ಲ, ದ್ರವ್ಯದ ಮೂಲ. ಕಬ್ಬಿನದಾಗಲಿ ಕಲ್ಲೆಣ್ಣೆಯದಾಗಲಿ ಪಾಲಿಎಥಿಲೀನಿನ ಅಣು ಒಂದೇ. ಉಕ್ಕಿನ ಅಚ್ಚು ಅದರ ಕುಲಗೋತ್ರವನ್ನು ವಿಚಾರಿಸುವುದಿಲ್ಲ. ಈ ಎರಡು ಪ್ರಯತ್ನಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ಒಂದನ್ನು ಶ್ಲಾಘಿಸಿ ಇನ್ನೊಂದನ್ನು ಹಳಿಯುವುದು ಉಚಿತವಲ್ಲ.

ಹಾಗೆಂದು ಸಂಸ್ಥೆಯನ್ನು ಪೂರ್ಣವಾಗಿ ಸಮರ್ಥಿಸಲು ನಾವು ಹೊರಟಿಲ್ಲ. 2021ರಲ್ಲಿ ಪಿ.ಇ.ಟಿ.ಯ ಮಾದರಿ ಇಟ್ಟಿಗೆಯನ್ನು ಪ್ರಕಟಿಸಿದಾಗ ಅದು ಇನ್ನೂ ಪ್ರಯೋಗದ ಹಂತದಲ್ಲಿದೆಯೆಂದು ಹೇಳಲಾಗಿತ್ತು, ನಿಜ. ಆದರೆ ಮಾದರಿಯೊಂದು ಸಿದ್ಧವಾಯಿತೆಂಬುದು ಕಾರ್ಖಾನೆಯ ಅಚ್ಚುಗಳೆಲ್ಲ ಅದನ್ನು ಒಪ್ಪುತ್ತವೆಯೆಂಬುದಕ್ಕೆ ಸಾಕ್ಷಿಯಾಗಲಾರದು. ಇಂತಹ ಪ್ರಕಟಣೆಯಲ್ಲಿ ದ್ರವ್ಯದ ಹೆಸರಿನೊಡನೆ ಅದರ ಸಂಕೋಚನ, ಒಣಗಿಸುವ ಉಷ್ಣತೆ, ಮತ್ತೆ ಕೊರೆಯಬೇಕಾದ ಅಚ್ಚುಗಳ ಸಂಖ್ಯೆ, ಈ ಮೂರೂ ಇರಬೇಕೆಂಬುದು ನಮ್ಮ ಅಪೇಕ್ಷೆ. ಕೊನೆಯ ಸಂಖ್ಯೆಯೊಂದು ದೊರೆತರೂ ಮಿಕ್ಕುದನ್ನು ಎಣಿಸಿಕೊಳ್ಳಲು ನಮಗೆ ಸಾಧ್ಯವಾದೀತು.