ಬಾಟಲಿಯಲ್ಲಿ ಬರುವ ಪಿಕಪ್

ಕಾರನ್ನು ಸರ್ವೀಸಿಗೆ ಬಿಟ್ಟ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬರುವ ಫೋನಿನ ಧಾಟಿ ಎಲ್ಲರಿಗೂ ಗೊತ್ತು. “ಸರ್, ಹಾಗೇ ಇಂಜೆಕ್ಟರ್ ಕ್ಲೀನಿಂಗೂ ಮಾಡಿಸಿಬಿಡ್ಲಾ? ಪಿಕಪ್ ಚೆನ್ನಾಗಿ ಬರುತ್ತೆ, ಮೈಲೇಜೂ ಸಿಗುತ್ತೆ.” ಬೇಡ ಅಂದರೆ ಕಾರಿಗೆ ಅನ್ಯಾಯ ಮಾಡಿದ ಅಳುಕು, ಹೂಂ ಅಂದರೆ ಬಿಲ್ಲು ಉದ್ದವಾಗುತ್ತದೆ. ಇತ್ತ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅದೇ ಕೆಲಸಕ್ಕೆಂದು ಅಂಗೈಯಗಲದ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಟ್ಯಾಂಕಿಗೆ ಸುರಿಯಿರಿ, ಪೆಟ್ರೋಲ್ ತುಂಬಿಸಿ, ಓಡಿಸಿ, ಅಷ್ಟೇ. ಪ್ರತಿ ತಿಂಗಳೂ ಭಕ್ತಿಯಿಂದ ಸುರಿಯುವವರಿದ್ದಾರೆ, ಎಲ್ಲ ಬರೀ ಮೋಸ ಎಂದು ತಳ್ಳಿಹಾಕುವವರಿದ್ದಾರೆ. ಎಂಜಿನ್ನಿನೊಳಗೆ ಕೊಳೆ ಕೂತಿರುವುದು ಎಲ್ಲಿ, ಈ ದ್ರವ ಅಲ್ಲಿಗೆ ತಲುಪುತ್ತದೆಯೇ ಎಂದು ಮಾತ್ರ ಇಬ್ಬರೂ ಕೇಳುವುದಿಲ್ಲ.

ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಕಾಲದಲ್ಲಿ ಈ ತಲೆನೋವಿರಲಿಲ್ಲ. ಗಾಡಿ ಮಿಸ್ಸಿಂಗ್ ಹೊಡೆದರೆ ಕಾರ್ಬುರೇಟರ್ ಬಿಚ್ಚಿ, ಜೆಟ್ ತೆಗೆದು, ಪೆಟ್ರೋಲಿನಲ್ಲಿ ತೊಳೆದು ಬಾಯಿಂದ ಊದಿದರೆ ಮುಗಿಯಿತು. 1998ರಲ್ಲಿ ಬಂದ ಸ್ಯಾಂಟ್ರೊದಂಥ ಕಾರುಗಳ ಜೊತೆ ಎಂಪಿಎಫ್‌ಐ (ಮಲ್ಟಿ ಪಾಯಿಂಟ್ ಫ್ಯೂಯಲ್ ಇಂಜೆಕ್ಷನ್) ಎಂಬ ನಾಲ್ಕಕ್ಷರ ಮನೆಮಾತಾಯಿತು. ಅಲ್ಲಿಂದಾಚೆಗೆ ಪೆಟ್ರೋಲು ಮೂರು ನಾಲ್ಕು ಬಾರ್ ಒತ್ತಡದಲ್ಲಿ, ಮಿಲಿಮೀಟರಿನ ಹತ್ತನೇ ಒಂದೆರಡು ಪಾಲಿನಷ್ಟು ಸಣ್ಣದಾದ ಇಂಜೆಕ್ಟರ್ ರಂಧ್ರಗಳಿಂದ ಮಂಜಿನಂತೆ ಸಿಡಿಯತೊಡಗಿತು. ಆ ರಂಧ್ರದ ಅಂಚಿನಲ್ಲಿ ಒಂದಿಷ್ಟು ಜಿಡ್ಡು ಕೂತರೂ ಮಂಜು ಹನಿಯಾಗುತ್ತದೆ, ಹನಿ ಸರಿಯಾಗಿ ಉರಿಯುವುದಿಲ್ಲ.

ಜಿಡ್ಡು ಕೂರುವುದು ಕಾರು ಓಡುವಾಗಲ್ಲ, ನಿಂತ ಮೇಲೆ. ಎಂಜಿನ್ ಆರಿಸಿದ ಕೂಡಲೇ ತಂಪು ಮಾಡುವ ನೀರಿನ ಓಟ ನಿಲ್ಲುತ್ತದೆ, ಒಳಗಿನ ಕಾವು ಮೇಲೇರಿ ಇಂಜೆಕ್ಟರಿನ ತುದಿಯನ್ನು ಬೇಯಿಸುತ್ತದೆ. ಅಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಹೋಗಿ, ಓಲಿಫಿನ್‌ಗಳಂಥ ಅಂಶಗಳು ಗಾಳಿಯೊಡನೆ ಸೇರಿ ಅರಗಿನ ಹಾಗೆ ಗಟ್ಟಿಯಾಗುತ್ತವೆ. ಹೀಗಾಗಿ ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿಬರುವ ಕಾರಿಗಿಂತ, ಮಗುವನ್ನು ಸ್ಕೂಲಿಗೆ ಬಿಟ್ಟು, ಬರುವಾಗ ತರಕಾರಿಗೆ ನಿಂತು, ಮತ್ತೆ ಬ್ಯಾಂಕಿನ ಮುಂದೆ ಆರಿಸಿ, ದಿನಕ್ಕೆ ಆರು ಕಿಲೋಮೀಟರ್ ಓಡುವ ಕಾರಿನ ಇಂಜೆಕ್ಟರುಗಳು ಬೇಗ ಕಟ್ಟಿಕೊಳ್ಳುತ್ತವೆ. “ಕಡಿಮೆ ಓಡಿದೆ ಸರ್, ಡಾಕ್ಟರ್ ಕಾರು” ಎಂದು ಮಾರುವವನ ಮಾತನ್ನು ನಾನು ಅನುಮಾನದಿಂದ ಕೇಳುವುದಕ್ಕೆ ಇದೂ ಒಂದು ಕಾರಣ.

ಈ ರೋಗ ದೊಡ್ಡದಾಗಿ ಕಾಣಿಸಿಕೊಂಡಿದ್ದು 1980ರ ದಶಕದ ನಡುವಿನ ಅಮೆರಿಕದಲ್ಲಿ. ಇಂಜೆಕ್ಷನ್ ಕಾರುಗಳು ಹೆಚ್ಚಿದಂತೆ ಇಂಜೆಕ್ಟರ್ ಕಟ್ಟಿಕೊಂಡ ದೂರುಗಳೂ ಹೆಚ್ಚಿ, ತೈಲ ಕಂಪನಿಗಳು ಪೆಟ್ರೋಲಿಗೇ ಡಿಟರ್ಜೆಂಟ್ ಬೆರೆಸತೊಡಗಿದವು. 1995ರಲ್ಲಿ ಅಲ್ಲಿನ ಸರ್ಕಾರ ಅದನ್ನು ಕಡ್ಡಾಯ ಮಾಡಿತು. ಆ ಕನಿಷ್ಠ ಪ್ರಮಾಣ ಸಾಲದೆಂದು ಬಿಎಂಡಬ್ಲ್ಯು, ಜನರಲ್ ಮೋಟರ್ಸ್, ಹೋಂಡಾ, ಟೊಯೊಟಾ ಸೇರಿ 2004ರಲ್ಲಿ ‘ಟಾಪ್ ಟಿಯರ್’ ಎಂಬ ಮಾನದಂಡ ತಂದವು. 2016ರಲ್ಲಿ ಅಮೆರಿಕದ ವಾಹನ ಸವಾರರ ಸಂಘ ಎಎಎ, 4,000 ಮೈಲಿ ಓಟಕ್ಕೆ ಸಮನಾದ ಪರೀಕ್ಷೆ ನಡೆಸಿ ನೋಡಿತು. ಟಾಪ್ ಟಿಯರ್ ಅಲ್ಲದ ಪೆಟ್ರೋಲ್ ಕುಡಿದ ಎಂಜಿನ್ನುಗಳಲ್ಲಿ ಸರಾಸರಿ 19 ಪಟ್ಟು ಹೆಚ್ಚು ಮಡ್ಡಿ ಕೂತಿತ್ತು. ಎಲ್ಲ ಮೋಸ ಅನ್ನುವವರು ಈ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು. ಡಿಟರ್ಜೆಂಟ್ ಕೆಲಸ ಮಾಡುತ್ತದೆ; ಎಲ್ಲ ಬಾಟಲಿಯಲ್ಲೂ ಡಿಟರ್ಜೆಂಟ್ ಇರುತ್ತದೆ ಎನ್ನುವುದಷ್ಟೇ ಸುಳ್ಳು.

ಕೊಳ್ಳುವ ಮುನ್ನ ಹುಡುಕಬೇಕಾದ ಹೆಸರು ಪಾಲಿಈಥರ್ ಅಮೀನ್, ಚಿಕ್ಕದಾಗಿ ಪಿಇಎ. ಅದರ ಅಣುವಿನ ಒಂದು ತುದಿ ಮಸಿಗೆ ಅಂಟಿಕೊಳ್ಳುತ್ತದೆ, ಉಳಿದ ಭಾಗ ಪೆಟ್ರೋಲಿನಲ್ಲಿ ಕರಗಿ ಆ ಮಸಿಯನ್ನು ಎಳೆದುಕೊಂಡು ಹೋಗುತ್ತದೆ. ಹೆಚ್ಚು ಕಾವನ್ನು ತಡೆಯುವುದರಿಂದ ಇಂಜೆಕ್ಟರ್ ತುದಿಯಲ್ಲೂ ಸಿಲಿಂಡರಿನ ಒಳಗೂ ಅದು ಕೆಲಸ ಮಾಡಬಲ್ಲದು. ಅದರ ಹಳೆಯ ದಾಯಾದಿ ಪಾಲಿಐಸೊಬ್ಯುಟಿಲೀನ್ ಅಮೀನ್ ಇಂಜೆಕ್ಟರನ್ನೂ ವಾಲ್ವನ್ನೂ ಶುಚಿಯಾಗಿ ಇಡುತ್ತದೆ, ಆದರೆ ದಹನಕೋಣೆಯಲ್ಲಿ ತಾನೇ ಒಂದಿಷ್ಟು ಮಡ್ಡಿ ಬಿಡುವ ಚಾಳಿ ಅದಕ್ಕುಂಟು. ಅಗ್ಗದ ಬಾಟಲಿಗಳಲ್ಲಿ ಎಷ್ಟೋ ಸಲ ಇವೆರಡೂ ನಾಮಕಾವಸ್ತೆ; ಮಿಕ್ಕಿದ್ದೆಲ್ಲ ಸೀಮೆಎಣ್ಣೆಯ ಜಾತಿಯ ದ್ರಾವಕ. ಬಾಟಲಿಯ ಮುಂಭಾಗದ ಚಿತ್ರದಲ್ಲಿ ಇದು ತಿಳಿಯುವುದಿಲ್ಲ. ತಯಾರಕರು ಪ್ರಕಟಿಸುವ ಸುರಕ್ಷತಾ ಮಾಹಿತಿ ಪತ್ರವನ್ನು ಫೋನಿನಲ್ಲೇ ತೆಗೆದು ಓದಿ. ಅಮೀನಿನ ಸುಳಿವೇ ಇಲ್ಲದೆ ಬರೀ ಪೆಟ್ರೋಲಿಯಂ ಡಿಸ್ಟಿಲೇಟ್ ಎಂದಿದ್ದರೆ ಬಾಟಲಿಯನ್ನು ವಾಪಸ್ ಇಟ್ಟುಬಿಡಿ.

ಪೆಟ್ರೋಲಿಗೆ ಹೊರಗಿನದೇನನ್ನೂ ಸೇರಿಸಬಾರದೆಂಬ ಹಳಬರ ಹೆದರಿಕೆಗೂ ಕಾರಣವಿತ್ತು. ಸೀಮೆಎಣ್ಣೆ ಬೆರೆಸುವ ದಂಧೆ ಎಷ್ಟು ಬಲವಾಗಿತ್ತೆಂದರೆ, ಕೋಲಾರ ಚಿನ್ನದ ಗಣಿಯಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಇಂಡಿಯನ್ ಆಯಿಲ್ ಅಧಿಕಾರಿ ಎಸ್. ಮಂಜುನಾಥ್, ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಬಂಕಿನ ಮೇಲೆ ಕ್ರಮಕ್ಕೆ ಮುಂದಾಗಿದ್ದಕ್ಕೆ 2005ರ ನವೆಂಬರಿನಲ್ಲಿ ಗುಂಡಿಗೆ ಬಲಿಯಾದರು. ಅಂಥ ಪೆಟ್ರೋಲು ಕುಡಿದ ಎಂಜಿನ್ನಿಗೆ ಯಾವ ಬಾಟಲಿಯೂ ಮದ್ದಲ್ಲ. ಜನಸಂದಣಿಯ, ನಂಬಿಕೆಯ ಬಂಕನ್ನು ಬಿಡದಿರುವುದು ಇಂದಿಗೂ ಮೊದಲ ಮದ್ದು.

ಇನ್ನು ಬಾಟಲಿಯ ದ್ರವ ಎಲ್ಲಿಗೆ ತಲುಪುತ್ತದೆಂಬುದು ಎಂಜಿನ್ನಿನ ಜಾತಿಯ ಮೇಲೆ ನಿಂತಿದೆ. ಎಂಪಿಎಫ್‌ಐ ಕಾರಿನಲ್ಲಿ ಪೆಟ್ರೋಲು ಇನ್‌ಟೇಕ್ ವಾಲ್ವಿನ ಬೆನ್ನಿಗೆ ತಾಗಿಯೇ ಒಳಗೆ ಹೋಗುತ್ತದೆ. ಟ್ಯಾಂಕಿನಲ್ಲಿ ಪಿಇಎ ಇದ್ದರೆ ಇಂಜೆಕ್ಟರಿನ ಜೊತೆ ವಾಲ್ವೂ ತೊಳೆದುಹೋಗುತ್ತದೆ. ನಮ್ಮ ರಸ್ತೆಯ ಬಹುಪಾಲು ಪೆಟ್ರೋಲ್ ಕಾರುಗಳು ಈಗಲೂ ಈ ಜಾತಿಯವೇ. ಹಲವು ಹೊಸ ಟರ್ಬೊ ಕಾರುಗಳದು ಬೇರೆ ದಾರಿ: ಫೋಕ್ಸ್‌ವ್ಯಾಗನ್ನಿನ ಟಿಎಸ್‌ಐ, ಹ್ಯುಂಡೈನ ಜಿಡಿಐ ಎಂಜಿನ್ನುಗಳಲ್ಲಿ ಪೆಟ್ರೋಲು ನೇರ ಸಿಲಿಂಡರಿಗೇ ಸಿಡಿಯುತ್ತದೆ. ವಾಲ್ವಿನ ಬೆನ್ನಿಗೆ ಅದರ ಸೋಂಕೇ ಇಲ್ಲ. ಎಂಜಿನ್ ಆಯಿಲಿನ ಹಬೆ ಬಂದು ಅಲ್ಲಿ ಕರ್ರಗೆ ಕಟ್ಟಿಕೊಳ್ಳುತ್ತಿದ್ದರೆ, ಟ್ಯಾಂಕಿಗೆ ಎಷ್ಟು ದುಬಾರಿಯ ದ್ರವ ಸುರಿದರೂ ಅದು ಆ ಕಡೆ ತಲೆಹಾಕುವುದಿಲ್ಲ. ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ತೆಗೆಯುವುದೇ ಅಲ್ಲಿ ನಡೆಯುವ ಕೆಲಸ. ಈ ಕಾರುಗಳಿಗೆ ಬಾಟಲಿಯಿಂದ ಇಂಜೆಕ್ಟರ್ ತುದಿ ಶುಚಿಯಾದೀತು. ವಾಲ್ವೂ ಹೊಳೆಯುತ್ತದೆಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಡೀಸೆಲ್ ಇನ್ನೊಂದು ಲೋಕ. ಆಡುಗೋಡಿಯ ಮೈಕೊ ಕಾರ್ಖಾನೆಯಿಂದಾಗಿ ಡೀಸೆಲ್ ಪಂಪು, ನಾಜಲ್ ಎಂದರೆ ಬೆಂಗಳೂರಿಗೆ ಹಳೆಯ ನೆಂಟಸ್ತಿಕೆ. ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಬಿಟಿಎಂ ಪಕ್ಕದ ಬಡಾವಣೆ ಮಾತ್ರ ಮೈಕೊ ಲೇಔಟಾಗಿಯೇ ಉಳಿದಿದೆ. ಇಂದಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಒತ್ತಡ 1,600 ಬಾರ್ ದಾಟುತ್ತದೆ. ಇಂಜೆಕ್ಟರ್ ಕೈಕೊಟ್ಟರೆ ಬಿಲ್ಲು ಹತ್ತಾರು ಸಾವಿರಕ್ಕೆ ಹೋಗುತ್ತದೆ. ಅಲ್ಲಿ ನನ್ನ ಕಾಸು ಬಾಟಲಿಗಿಂತ ಮೊದಲು ಡೀಸೆಲ್ ಫಿಲ್ಟರಿಗೆ. ಪೆಟ್ರೋಲಿನ ಬಾಟಲಿಯನ್ನು ಡೀಸೆಲ್ ಟ್ಯಾಂಕಿಗೆ ಸುರಿಯಬೇಡಿ ಎಂದು ಬರೆಯಬೇಕಾಗಿ ಬಂದಿರುವುದಕ್ಕೆ ಕ್ಷಮೆಯಿರಲಿ; ಸುರಿಯುವವರಿದ್ದಾರೆ.

ಈಚೆಗೆ ಈ ಬಾಟಲಿಗಳಿಗೆ ಹೊಸ ಗಿರಾಕಿಗಳು ಸಿಕ್ಕಿದ್ದಾರೆ: ಇ20 ಬಂದ ಮೇಲೆ ಮೈಲೇಜ್ ಬಿದ್ದಿತೆನ್ನುವವರು. ಶೇ 20ರಷ್ಟು ಎಥನಾಲ್ ಇರುವ ಈ ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಇಂಧನ ಸಪ್ತಾಹದಲ್ಲೇ. ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಗುಣಿಸಿ ನೋಡಿದರೆ ಲೀಟರಿಗೆ ಶೇ 6–7ರಷ್ಟು ಖೋತಾ. ಅದಕ್ಕೆಂದೇ ರೂಪಿಸದ ಕಾರುಗಳಿಗೆ ನೀತಿ ಆಯೋಗದ ವರದಿ ಅಂದಾಜಿಸಿದ್ದೂ ಅಷ್ಟನ್ನೇ. ಇಲ್ಲದ ಶಕ್ತಿಯನ್ನು ಡಿಟರ್ಜೆಂಟ್ ತಂದುಕೊಡಲಾರದು. ಎಥನಾಲ್ ತಾನೇ ಒಳ್ಳೆಯ ದ್ರಾವಕವಾದ್ದರಿಂದ ಹಳೆಯ ಟ್ಯಾಂಕಿನ ತಳದ ಮಡ್ಡಿಯನ್ನು ಎಬ್ಬಿಸಿ ಫಿಲ್ಟರಿಗೆ ತಂದು ತುಂಬುವುದುಂಟು. ಎಳೆತ ಕಡಿಮೆಯಾಗಿದ್ದರೆ ಇಂಜೆಕ್ಟರನ್ನು ಬೈಯುವ ಮೊದಲು ಆ ಫಿಲ್ಟರ್ ನೋಡಿಸಿ.

ಬಂಕಿನ ದುಬಾರಿ ಪೆಟ್ರೋಲುಗಳಲ್ಲೂ ಡಿಟರ್ಜೆಂಟ್ ಇರುತ್ತದೆಂದು ಕಂಪನಿಗಳು ಹೇಳುತ್ತವೆ. ಆಕ್ಟೇನ್ ಹೆಚ್ಚಿದ್ದರೆ ಕೊಳೆ ಹೋಗುತ್ತದೆಂಬುದು ಮಾತ್ರ ತಪ್ಪು ತಿಳಿವಳಿಕೆ. ಅದು ನಾಕಿಂಗ್ ತಡೆಯುವ ಗುಣ, ತೊಳೆಯುವ ಗುಣವಲ್ಲ. ಲೀಟರಿಗೆ ಏಳು ರೂಪಾಯಿ ಹೆಚ್ಚೆಂದು ಹಿಡಿದರೂ 40 ಲೀಟರ್ ಟ್ಯಾಂಕಿಗೆ 280 ರೂಪಾಯಿ. ಎರಡು ಮೂರು ಟ್ಯಾಂಕಿನ ಆ ಹೆಚ್ಚುವರಿಯಲ್ಲಿ ಒಂದು ಒಳ್ಳೆಯ ಪಿಇಎ ಬಾಟಲಿ ಬರುತ್ತದೆ. ನನಗೆ ಬಾಟಲಿಯೇ ವಾಸಿ ಅನ್ನಿಸುತ್ತದೆ. ಸರ್ವೀಸ್ ಸೆಂಟರಿನ ‘ಟ್ರೀಟ್‌ಮೆಂಟ್’ ಅಂತೂ ಎಷ್ಟೋ ಕಡೆ ಅದೇ ಬಗೆಯ ಬಾಟಲಿ, ಸುರಿಯುವ ಕೈ ಮಾತ್ರ ಬೇರೆ. ಇಂಜೆಕ್ಟರ್ ಬಿಚ್ಚಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಹಾಕಿ, ಮೊದಲು ಎಷ್ಟು ಹರಿಯುತ್ತಿತ್ತು, ಆಮೇಲೆ ಎಷ್ಟು ಎಂದು ಗಾಜಿನ ಕೊಳವೆಗಳಲ್ಲಿ ಅಳೆದು ತೋರಿಸುವವರಿಗೆ ದುಡ್ಡು ಕೊಡಲು ನನ್ನ ತಕರಾರಿಲ್ಲ.

ನಿಮ್ಮ ಕಾರಿಗೆ ಬೇಕೋ ಬೇಡವೋ ಎಂದು ಕಾರನ್ನೇ ಕೇಳಬಹುದು. ಸ್ಟಿಯರಿಂಗಿನ ಕೆಳಗಿನ ಒಬಿಡಿ ಕಿಂಡಿಗೆ ಒಂದು ಬ್ಲೂಟೂತ್ ಡಾಂಗಲ್ ಸಿಕ್ಕಿಸಿ, ‘ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್’ ಅಂಕಿ ನೋಡಿ. ಸೊನ್ನೆಯ ಆಚೀಚೆ ಶೇ 5ರೊಳಗಿದ್ದರೆ ಬಾಟಲಿಯ ಚಿಂತೆ ಬಿಡಿ. ಪ್ಲಸ್ 10 ದಾಟಿದ್ದರೆ ಇಂಜೆಕ್ಟರಿನಿಂದ ಸಾಕಷ್ಟು ಪೆಟ್ರೋಲು ಬರದೆ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಅದನ್ನು ಹೆಚ್ಚು ಹೊತ್ತು ತೆರೆದಿಡುತ್ತಿರಬಹುದು. ಎಲ್ಲೋ ಗಾಳಿ ಸೋರುತ್ತಿದ್ದರೂ ಇದೇ ಅಂಕಿ ಬರುತ್ತದೆ, ಆದ್ದರಿಂದ ಪೈಪುಗಳನ್ನೂ ನೋಡಿಸಿ. ಇಸಿಯು ಹೀಗೆ ತಾನೇ ಸರಿದೂಗಿಸಿಕೊಳ್ಳುವುದರಿಂದಲೇ ಅಲ್ಪಸ್ವಲ್ಪ ಕೊಳೆಗೆ ಮೈಲೇಜ್ ಕದಲುವುದಿಲ್ಲ. ತೊಳೆದ ಮೇಲೆ ಅದು ಜಿಗಿಯುವುದೂ ಇಲ್ಲ. ಸಿಕ್ಕರೆ ಸಿಗುವುದು ನಯವಾದ ಐಡ್ಲಿಂಗ್, ಬೆಳಗಿನ ಚಳಿಯಲ್ಲಿ ತಡವರಿಸದ ಸ್ಟಾರ್ಟ್.

ನಗರದಲ್ಲೇ ಸುತ್ತುವ ಎಂಪಿಎಫ್‌ಐ ಕಾರಿಗೆ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಒಂದು ಬಾಟಲಿ ಸಾಕು. ಎಂಜಿನ್ ಆಯಿಲ್ ಬದಲಿಸುವ ಸರ್ವೀಸಿಗೆ ಸ್ವಲ್ಪ ಮುಂಚೆ ಹಾಕಿ, ಏಕೆಂದರೆ ತೊಳೆದದ್ದರಲ್ಲಿ ಒಂದಿಷ್ಟು ಪಿಸ್ಟನ್ ದಾಟಿ ಆಯಿಲಿಗೆ ಇಳಿಯುತ್ತದೆ. ಟ್ಯಾಂಕು ತಳ ಕಂಡಾಗ ಬಾಟಲಿ ಸುರಿದು, ಮೇಲೆ ಪೆಟ್ರೋಲ್ ತುಂಬಿಸಿ, ಆ ವಾರ ಊರಿಗೆ ಹೋಗುವುದಿದ್ದರೆ ಹೈವೇಯಲ್ಲಿ ಓಡಿಸಿ. ಸರ್ವೀಸ್ ಅಡ್ವೈಸರ್ ಫೋನ್ ಮಾಡಿದಾಗ ಆಯಿಲ್, ಫಿಲ್ಟರ್ ಎರಡೇ ಸಾಕು ಅಂದುಬಿಡಿ.